ಗೆರೆ ಬಾರದ ಕಾರ್ಡು

ಹೊಸದಾಗಿ ಲ್ಯಾಬ್ ಕೆಲಸಕ್ಕೆ ಸೇರಿದ ಹುಡುಗಿಯರು ಮನೆಗೆ ಬಂದರೆ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ವರ್ಗಾವಣೆ ತಪ್ಪಿಸಿಕೊಳ್ಳುವುದು ಹೇಗೆ, ಮೆಷಿನ್ ಕೆಟ್ಟರೆ ಯಾರಿಗೆ ಫೋನ್ ಮಾಡುವುದು. ಮೊದಲನೆಯದು ನನಗೆ ಗೊತ್ತಿದ್ದರೆ ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಅಂತ ಮೂರು ಊರಿನ ನೀರು ಕುಡಿಯುತ್ತಿರಲಿಲ್ಲ. ಎರಡನೆಯದಕ್ಕೂ ನನ್ನ ಹತ್ತಿರ ಉತ್ತರವಿಲ್ಲ, ನಮ್ಮ ಕಾಲದಲ್ಲಿ ಕೆಡುವಂಥ ಮೆಷಿನ್ನೇ ಇರಲಿಲ್ಲ. ಇದ್ದದ್ದು ಒಂದು ಮೈಕ್ರೋಸ್ಕೋಪು, ಒಂದು ಸ್ಪಿರಿಟ್ ದೀಪ, ಆಮೇಲೆ ಬಂದ ಕಾಗದ. ಆ ಕಾಗದದ ಬಗ್ಗೆ ಯಾರೂ ಕೇಳುವುದಿಲ್ಲವಾದ್ದರಿಂದ ನಾನಾಗಿಯೇ ಬರೆಯುತ್ತಿದ್ದೇನೆ.

ಬರೆಯಲು ಕೂತರೆ ಮೊದಲು ನೆನಪಾಗುವವಳು ಸುಶೀಲೆ. ಕಿಗ್ಗದಿಂದ ಇನ್ನೂ ಒಳಗೆ, ಗದ್ದೆ ಮಾಡಿಕೊಂಡಿದ್ದ ಮನೆಯ ಸೊಸೆ. ಅವಳಿಗೊಂದು ಮಗು ಬೇಕಿತ್ತು, ಆಗುತ್ತಿರಲಿಲ್ಲ, ಅಷ್ಟೇ ಅವಳ ಕಥೆ. ಆದರೆ ಆ ಕಥೆಯಲ್ಲಿ ಒಂದು ಕಾರ್ಡು ಏನು ಮಾಡಲು ಹೊರಟಿತ್ತು ಎಂದು ತಿಳಿಯಬೇಕಾದರೆ ಕಾಗದದ ಸ್ವಭಾವ ಸ್ವಲ್ಪ ಗೊತ್ತಿರಬೇಕು. ಅವಳನ್ನು ಒಂದು ಗಳಿಗೆ ಬೆಂಚಿನ ಮೇಲೆ ಕೂರಿಸಿ ಬರುತ್ತೇನೆ. ಕಾಯುವುದು ಅವಳಿಗೆ ಅಭ್ಯಾಸವಾಗಿತ್ತು.

ನಾನು ಕೆಲಸಕ್ಕೆ ಸೇರಿದ್ದು ನರಸಿಂಹರಾಜಪುರದಲ್ಲಿ. ಅಲ್ಲಿ ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ನೋಡಬೇಕಾದರೆ ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ ಹಾಕಿ, ಅದಕ್ಕೆ ಕೆಲವು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸುತ್ತಿದ್ದೆವು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕೊನೆಗೆ ಇಟ್ಟಿಗೆಯ ಕೆಂಪು ಬಂದರೆ ಸಕ್ಕರೆ ಜಾಸ್ತಿ. ಕೊಳವೆಯ ಬಾಯಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ ಹಿಡಿಯಬೇಕು, ಇಲ್ಲದಿದ್ದರೆ ಕುದಿಯುವ ಮೂತ್ರ ಉಕ್ಕಿ ಹಾರುತ್ತದೆ. ನನ್ನ ಆ ಕಾಲದ ಸೀರೆಗಳ ಮೇಲೆ ತಾಲ್ಲೂಕಿನ ಅರ್ಧ ಜನರ ಪರೀಕ್ಷಾ ವರದಿ ಇತ್ತು.

ಕೊಪ್ಪಕ್ಕೆ ಬಂದ ಮೇಲೆ ಸಕ್ಕರೆಗೆ ಪಟ್ಟಿ ಬಂತು. ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ಪಟ್ಟಿ, ತುದಿಯಲ್ಲಿ ಮದ್ದು ಹಚ್ಚಿದ ಪುಟ್ಟ ಕಾಗದ. ಅದ್ದಿ ತೆಗೆದರೆ ಬಣ್ಣ ಬದಲಾಗುತ್ತದೆ. ಅದರ ಹಿಂದೆಯೇ ಬಸಿರಿಗೆ ಒಂದು ಕಾರ್ಡು, ಮಲೇರಿಯಾಕ್ಕೆ ಒಂದು ಕಾರ್ಡು ಬಂದವು. ಈ ಕಾರ್ಡುಗಳದ್ದು ಇನ್ನೂ ಚೆಂದ. ಒಂದು ತುದಿಯ ಗುಂಡಿಗೆ ಎರಡು ಮೂರು ಹನಿ ಬಿಟ್ಟು ಕೈಬಿಡಬೇಕು. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವ ಹಾಗೆ ಒಳಗಿನ ಕಾಗದ ಆ ಹನಿಗಳನ್ನು ಎಳೆದುಕೊಂಡು ಇನ್ನೊಂದು ತುದಿಗೆ ಒಯ್ಯುತ್ತದೆ. ಪಂಪಿಲ್ಲ, ಕರೆಂಟಿಲ್ಲ. ದಾರಿಯಲ್ಲಿ ಕಣ್ಣಿಗೆ ಕಾಣದ ಎರಡು ಗೀಟು ಎಳೆದಿರುತ್ತಾರೆ. ಮೊದಲನೆಯದು ರೋಗಿಯ ಗೆರೆ, ಹುಡುಕುತ್ತಿರುವ ವಸ್ತು ಇದ್ದರೆ ಮಾತ್ರ ಮೂಡುತ್ತದೆ. ಅದನ್ನು ದಾಟಿದ ಮೇಲಿನದು ಕಾಗದದ ಸ್ವಂತ ಗೆರೆ. ರೋಗಿ ಯಾರೇ ಇರಲಿ, ಅದು ಮೂಡಲೇಬೇಕು. ನಾನು ಸರಿಯಿದ್ದೇನೆ, ನನ್ನ ಮಾತು ನಂಬಬಹುದು ಎಂದು ಕಾರ್ಡು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಗೆರೆ ಅದು.

ಕೊಪ್ಪದ ನಮ್ಮ ಡಾಕ್ಟರಿಗೆ ಈ ಕಾರ್ಡುಗಳನ್ನು ಕಂಡರೆ ಆಗುತ್ತಿರಲಿಲ್ಲ. ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ಕಾಣದ್ದನ್ನು ಅವರು ನಂಬುವವರಲ್ಲ. ನಾನು ಕಾರ್ಡು ಹಿಡಿದು ಹೋದರೆ ಸ್ಟೆತಾಸ್ಕೋಪು ಕೆಳಗಿಟ್ಟು, "ಬಂತು ನೋಡಿ ಗಿಳಿಶಾಸ್ತ್ರ. ಏನಂತೆ ನಿಮ್ಮ ಗಿಳಿ?" ಅನ್ನುತ್ತಿದ್ದರು. ಮಲೇರಿಯಾ ಕಾರ್ಡಿನಲ್ಲಿ ಗೆರೆ ಬಂದರೂ ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ಇನ್ನೊಮ್ಮೆ ನೋಡಿಸುತ್ತಿದ್ದರು. ಬೈದುಕೊಂಡೇ ನೋಡುತ್ತಿದ್ದೆ. ಈಗ ಅನ್ನಿಸುತ್ತದೆ, ಆ ಅನುಮಾನವೇ ಅವರು ನನಗೆ ಕಲಿಸಿದ ದೊಡ್ಡ ಪಾಠ.

ಆ ಪಾಠ ಮೊದಲು ಉಪಯೋಗಕ್ಕೆ ಬಂದದ್ದು ಜಯಪುರದ ಕಡೆಯ ಒಬ್ಬ ನಿವೃತ್ತ ಮೇಷ್ಟರ ವಿಷಯದಲ್ಲಿ. ಅವರು ಮನೆಯಿಂದಲೇ ಬಾಟಲಿಯಲ್ಲಿ ಮೂತ್ರ ತಂದರು. ಪಟ್ಟಿ ಅದ್ದಿದ್ದೇ ಕಂದು ಬಣ್ಣಕ್ಕೆ ತಿರುಗಿತು. ಡಾಕ್ಟರು ಸಿಹಿ ಬಿಡಿ, ಮುಂದಿನ ವಾರ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡಿ ಎಂದರು. ಮೇಷ್ಟರು ಹೆದರಿ ಒಂದು ತಿಂಗಳು ಬರಲೇ ಇಲ್ಲ. ಕೊನೆಗೆ ಹೆಂಡತಿ ಎಳೆದುಕೊಂಡು ಬಂದಾಗ ಜೊತೆಗೆ ಮತ್ತದೇ ಬಾಟಲಿ. ರಕ್ತ ನೋಡಿದರೆ ಸಕ್ಕರೆ ಜಾಸ್ತಿಯಾದ ಸುಳಿವಿಲ್ಲ, ಮೂತ್ರ ನೋಡಿದರೆ ಪಟ್ಟಿ ಕಪ್ಪಾಗುತ್ತಿದೆ. ನನಗೆ ತಲೆ ಕೆಟ್ಟಿತು. ಬಾಟಲಿಯನ್ನು ಬೆಳಕಿಗೆ ಹಿಡಿದೆ. ತಳದ ಅಂಚಿನಲ್ಲಿ ಜೇನಿನಂಥ ಕಂದು ಉಂಗುರ.

"ಅಮ್ಮ, ಇದ್ರಲ್ಲಿ ಮೊದ್ಲು ಎಂತ ಇತ್ತು?" ಎಂದು ಕೇಳಿದೆ.

"ಜೋನಿ ಬೆಲ್ಲ ಇತ್ತು ಮಾರಾಯ್ತಿ. ತೊಳ್ದೇ ಕೊಟ್ಟಿದೀನಲ್ಲ," ಎಂದರು ಅವರ ಹೆಂಡತಿ.

ನಮ್ಮ ಕಡೆ ದೋಸೆಗೆ ಹಾಕಿಕೊಳ್ಳುವ ಆ ನೀರುಬೆಲ್ಲ ಎರಡು ಸಲ ಕುಲುಕಿ ಚೆಲ್ಲಿದರೆ ಬಿಡುವ ಪೈಕಿ ಅಲ್ಲ. ಶುಭ್ರ ಬಾಟಲಿ ಕೊಟ್ಟು ಮತ್ತೆ ನೋಡಿದೆ, ಪಟ್ಟಿ ಬದಲಾಗಲಿಲ್ಲ. ಮೇಷ್ಟರಿಗೆ ನಗಬೇಕೋ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. "ಒಂದು ತಿಂಗ್ಳು ಸಪ್ಪೆ ಕಾಫಿ ಕುಡ್ಸಿದ್ಯಲ್ಲೇ," ಎಂದು ಹೆಂಡತಿಯ ಕಡೆ ತಿರುಗಿದರು. ಆಕೆ ಸೆರಗಿನಿಂದ ಬೆಂಚು ಒರೆಸುತ್ತಾ, "ನಾನೇನ್ ಸಿಹಿ ಕುಡೀತಿದ್ನಾ?" ಎಂದರು. ಗಂಡನಿಗಿಲ್ಲದ ಸಿಹಿ ತನಗ್ಯಾಕೆಂದು ಆಕೆಯೂ ಬಿಟ್ಟಿದ್ದರು, ಹೇಳಿರಲಿಲ್ಲ ಅಷ್ಟೇ. ಮೇಷ್ಟರು ಆಕೆಯ ಚೀಲವನ್ನು ತಾವೇ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದರು. ಅವತ್ತಿನಿಂದ ಮನೆಯ ಬಾಟಲಿ ನಾನು ಯಾರಿಂದಲೂ ತೆಗೆದುಕೊಳ್ಳಲಿಲ್ಲ.

ಈಗ ಸುಶೀಲೆ. ನಾನು ಶೃಂಗೇರಿಗೆ ವರ್ಗವಾಗಿ ಬಂದ ಹೊಸದರಲ್ಲಿ ಅವಳು ಮೊದಲ ಸಲ ಲ್ಯಾಬಿಗೆ ಬಂದಳು. ತೆಳ್ಳಗೆ, ಗಟ್ಟಿ ಧ್ವನಿ, ಮಾತಿಗೆ ಮುಂಚೆ ನಗು. ಜೊತೆಗೆ ಗಂಡ ಮಂಜಪ್ಪ. ಮದುವೆಯಾಗಿ ಆಗಲೇ ಏಳೆಂಟು ವರ್ಷ. ಕಾರ್ಡಿನಲ್ಲಿ ಒಂದೇ ಗೆರೆ ಬಂತು. ಕಾಗದದ ಗೆರೆ ಮಾತ್ರ, ಅವಳ ಗೆರೆ ಇಲ್ಲ. "ಇರ್ಲಿ ಬಿಡಿ ಅಕ್ಕ, ಮುಂದಿನ್ಸಲ," ಎಂದು ನಗುತ್ತಲೇ ಹೋದಳು.

ಆಮೇಲೆ ದಿನ ತಪ್ಪಿದಾಗಲೆಲ್ಲ ಬರುತ್ತಿದ್ದಳು. ಬೇರೆಯವರಿಗೆ ಹೊರಗೆ ಕಾಯಿರಿ ಅನ್ನುತ್ತಿದ್ದೆ, ಅವಳನ್ನು ಮಾತ್ರ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಳ್ಳುತ್ತಿದ್ದೆ. ಇಬ್ಬರೂ ಕಾರ್ಡು ನೋಡುತ್ತಾ ಅವಳ ಊರಿನ ಸುದ್ದಿ ಮಾತಾಡುವುದು. ತೇವ ಮೆಲ್ಲಗೆ ಗುಲಾಬಿ ಬಣ್ಣ ಎಳೆದುಕೊಂಡು ಕಾರ್ಡಿನ ಕಿಂಡಿಯ ಉದ್ದಕ್ಕೂ ಸರಿಯುತ್ತಿತ್ತು. ಮೊದಲ ಗೀಟಿನ ಜಾಗ ಬಂದಾಗ ಅವಳ ಮಾತು ನಿಲ್ಲುತ್ತಿತ್ತು. ತೇವ ಅದನ್ನು ದಾಟಿ ಹೋಗುತ್ತಿತ್ತು. ಆಚೆ ಒಂದು ಗೆರೆ, ಕೆಂಪಗೆ, ಅಚ್ಚುಕಟ್ಟಾಗಿ. ಅವಳು ಮತ್ತೆ ಮಾತು ಮುಂದುವರಿಸುತ್ತಿದ್ದಳು, ಆದರೆ ಎಲ್ಲಿಗೆ ನಿಲ್ಲಿಸಿದ್ದಳೆಂದು ಅವಳಿಗೇ ನೆನಪಿರುತ್ತಿರಲಿಲ್ಲ.

ಒಮ್ಮೆ ಹೀಗೇ ಒಂದು ಗೆರೆ ಬಂದು ಅವಳು ಹೋದ ಮೇಲೆ, ಸಂಜೆ ನಾನು ಬಾಗಿಲು ಹಾಕುವ ಹೊತ್ತಿಗೆ ಮಂಜಪ್ಪ ಏದುಸಿರು ಬಿಡುತ್ತಾ ಬಂದ. ಕೈಯಲ್ಲಿ ಅದೇ ಕಾರ್ಡು. ನಾನು ಬುಟ್ಟಿಗೆ ಹಾಕಿದ್ದನ್ನು ಕಣ್ಣು ತಪ್ಪಿಸಿ ಎತ್ತಿಕೊಂಡು ಹೋಗಿದ್ದನಂತೆ.

"ಅಕ್ಕ, ಬಂದಿದೆ. ಇನ್ನೊಂದು ಗೆರೆ ಬಂದಿದೆ ನೋಡಿ. ನಿಧಾನಕ್ಕೆ ಬಂದಿದೆ ಅಷ್ಟೇ," ಎಂದ.

ನೋಡಿದೆ. ಬೂದಿಯ ಎಳೆಯಂತೆ ಒಂದು ಗೆರೆ ಇತ್ತು, ಸುಳ್ಳಲ್ಲ. ಆದರೆ ಕಾರ್ಡಿಗೊಂದು ಹೊತ್ತಿದೆ. ಅದಕ್ಕೆ ಮುಂಚೆಯೂ ಓದಬಾರದು, ಅದು ದಾಟಿದ ಮೇಲೂ ಓದಬಾರದು. ಒಣಗಿದ ಕಾಗದ ತನ್ನಷ್ಟಕ್ಕೇ ಇಂಥ ಗೆರೆ ಬಿಡುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ಅರ್ಥವೂ ಇಲ್ಲ. ಇದನ್ನು ಅವನಿಗೆ ಹೇಗೆ ಹೇಳುವುದು? ಬಾಗಿಲಿನ ಚಿಲಕ ಹಿಡಿದುಕೊಂಡೇ ಹೇಳಿದೆ. ಅವನು ಕೇಳಿಸಿಕೊಂಡು, "ಅವಳಿಗೆ ಆಗ್ಲೇ ತೋರ್ಸಿಬಿಟ್ಟೆ ಅಕ್ಕ. ಬಸ್‌ಸ್ಟ್ಯಾಂಡಲ್ಲಿ ಕಾಯ್ತಾ ಇದಾಳೆ," ಎಂದ. ನಾನೂ ಜೊತೆಗೆ ಹೋದೆ. ಸುಶೀಲೆ ನಮ್ಮಿಬ್ಬರ ಮುಖ ನೋಡಿಯೇ ತಿಳಿದುಕೊಂಡಳು. "ಇನ್ನು ಆ ಕಾಗದದ ಸಹವಾಸ ಸಾಕು ಅಕ್ಕ," ಎಂದಳು, ಗಂಡನ ತೋಳಿನ ಮೇಲೆ ಕೈಯಿಟ್ಟುಕೊಂಡು. ಆಮೇಲೆ ಅವಳು ಲ್ಯಾಬಿನ ಕಡೆ ಬರಲಿಲ್ಲ. ಪೇಟೆಯಲ್ಲಿ ಸಿಕ್ಕರೆ ಮಾತಾಡುತ್ತಿದ್ದಳು, ಆ ವಿಷಯ ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ವರ್ಷಗಳು ಕಳೆದವು. ಕೊಪ್ಪದ ಡಾಕ್ಟರೂ ಶೃಂಗೇರಿಗೆ ಬಂದರು, ಅವರ ಗಿಳಿಯೂ ಬಂತು. ಆ ಹೊತ್ತಿಗೆ ಸರ್ಕಾರ ಬಸಿರಿನ ಕಾರ್ಡುಗಳನ್ನು ಹಳ್ಳಿಗಳ ಉಪಕೇಂದ್ರಗಳಿಗೇ ಕೊಡಲು ಶುರು ಮಾಡಿತ್ತು. ಸುಶೀಲೆಯ ಊರಿನ ಕಡೆಯ ಉಪಕೇಂದ್ರದಲ್ಲಿ ಲಲಿತ ಎಂಬ ನರ್ಸ್ ಇದ್ದಳು. ಭಂಡಿಗಡಿಯ ಹುಡುಗಿ, ಕೆಲಸದಲ್ಲಿ ಅಚ್ಚುಕಟ್ಟು, ಮಳೆಗಾಲದಲ್ಲೂ ಮನೆಮನೆ ತಿರುಗುವವಳು. ಒಂದು ಆಷಾಢದ ಬೆಳಗ್ಗೆ ಅವಳು ಲಸಿಕೆ ಒಯ್ಯಲು ಆಸ್ಪತ್ರೆಗೆ ಬಂದಾಗ ಲ್ಯಾಬಿನ ಬಾಗಿಲಲ್ಲಿ ನಿಂತು ಮಾತಾಡಿದಳು.

"ನಿಮ್ ಸುಶೀಲಕ್ಕ ಸಿಕ್ಕಿದ್ರು ಮೇಡಂ. ಎರಡು ತಿಂಗ್ಳಿಂದ ಮುಟ್ಟಾಗ್ಲಿಲ್ವಂತೆ. ಕಾರ್ಡ್ ಹಾಕಿ ನೋಡ್ದೆ. ಇಲ್ಲ, ಪಾಪ."

"ಈಗ ಅವಳಿಗೆ ನಲವತ್ತರ ಹತ್ರ. ನಿಲ್ಲೋ ವಯಸ್ಸೂ ಇರ್ಬಹುದು," ಎಂದೆ, ಸ್ಲೈಡು ತೊಳೆಯುತ್ತಲೇ.

"ಅವ್ರ ಅತ್ತೆಗೆ ಅದೇ ಹೆದ್ರಿಕೆ. ಅತ್ತೆ ತಂಗಿಗೆ ಹೀಗೇ ನಿಂತು, ಹೊಟ್ಟೆಯಲ್ಲಿ ಗೆಡ್ಡೆಯಾಗಿ ತೀರ್ಕೊಂಡ್ರಂತೆ. ರಕ್ತ ಕಟ್ಕೊಂಡಿದೆ, ಇಳೀಬೇಕು ಅಂತ ಯಾರದ್ದೋ ಹತ್ರ ಬೇರು ತಂದು ಕಷಾಯ ಶುರು ಮಾಡಿದಾರೆ."

ನನಗೆ ಯಾಕೋ ಕೈ ನಿಂತಿತು. "ಒಂದು ಗೆರೆ ಬಂತಲ್ಲ, ಸರಿಯಾಗಿ ನೋಡಿದ್ಯಾ?"

"ಒಂದೂ ಬರ್ಲಿಲ್ಲ ಮೇಡಂ. ಬೆಳ್ಳಗೆ ಇತ್ತು. ಅನುಮಾನ ಬೇಡ ಅಂತ ಇನ್ನೊಂದ್ರಲ್ಲೂ ನೋಡ್ದೆ. ಅದೂ ಬೆಳ್ಳಗೆ. ಅಂದ್ಮೇಲೆ ಗ್ಯಾರಂಟಿ ಇಲ್ಲ ಅಂತಾನೇ ಅಲ್ವಾ?"

ಗೆರೆಯೇ ಬಾರದ ಕಾರ್ಡು ಇಲ್ಲ ಅನ್ನುವುದಿಲ್ಲ, ಹೌದು ಅನ್ನುವುದಿಲ್ಲ. ಅದು ಸತ್ತ ಕಾರ್ಡು. "ಕಾರ್ಡು ಎಲ್ಲಿಟ್ಟಿದೀಯ ಲಲಿತ?" ಎಂದು ಕೇಳಿದೆ.

ಅವಳ ಮುಖ ಅರಳಿತು. "ಬಚ್ಚಲ ಒಲೆ ಮೇಲಿನ ಅಟ್ಟದಲ್ಲಿ. ಒಂಚೂರೂ ಥಂಡಿ ತಾಗಲ್ಲ."

ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ನಮಗೆ ಯಾವುದರ ಮೇಲೆ ಪ್ರೀತಿಯೋ ಅದೆಲ್ಲ ಇರುವುದು ಒಲೆಯ ಮೇಲಿನ ಅಟ್ಟದಲ್ಲೇ. ಬೆಂಕಿಪೊಟ್ಟಣ, ಹಪ್ಪಳ, ಬಿತ್ತನೆ ಬೀಜ, ಮಕ್ಕಳ ಮಾರ್ಕ್ಸ್ ಕಾರ್ಡು. ಬೂಸಲು ಹಿಡಿಯದೆ ಉಳಿಯಬೇಕಾದರೆ ಬೇರೆ ಜಾಗವಿಲ್ಲ. ಕಾಗದಕ್ಕೆ ತೇವ ಆಗದೆಂದು ತರಬೇತಿಯಲ್ಲಿ ಹೇಳಿದ್ದರು, ಲಲಿತ ತನಗೆ ಗೊತ್ತಿದ್ದ ಅತ್ಯುತ್ತಮ ಜಾಗದಲ್ಲಿ ಇಟ್ಟಿದ್ದಳು. ಕಾಗದದೊಳಗಿನ ಮದ್ದಿಗೆ ತೇವದಷ್ಟೇ ಬಿಸಿಯೂ ಆಗದು ಎಂಬುದು ಪೊಟ್ಟಣದ ಹಿಂದೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿತ್ತು. ದಿನಾ ಎರಡು ಹೊತ್ತು ಹಂಡೆ ಕಾಯಿಸಿದ ಬೆಂಕಿ ಕಾರ್ಡುಗಳನ್ನು ಹುರಿದು ಇಟ್ಟಿತ್ತು.

ಡಾಕ್ಟರ ಕೋಣೆಗೆ ಓಡಿದೆ. ಅವರು ಎಂದಿನಂತೆ, "ಏನಂತೆ ಗಿಳಿ?" ಎಂದರು. "ಗಿಳಿ ಸತ್ತಿದೆ ಸಾರ್. ಅದು ಇಲ್ಲ ಅಂದಿದೆ ಅಂತ ಆ ಮನೆಯಲ್ಲಿ ಕಷಾಯ ಕುಡಿಸ್ತಾ ಇದಾರೆ," ಎಂದು ವಿಷಯ ಹೇಳಿದೆ. ಡಾಕ್ಟರು ಎದ್ದು ನಿಂತರು. ಲಸಿಕೆಗೆ ಹೊರಟಿದ್ದ ಜೀಪು ತಡೆದು, "ಮೊದ್ಲು ಅಲ್ಲಿಗೆ ಹೋಗಿ. ಎರಡು ಗೆರೆ ಬಂದ್ರೆ ಅವಳನ್ನ ಇಲ್ಲಿಗೇ ಕರ್ಕೊಂಡು ಬನ್ನಿ," ಎಂದರು. ಫ್ಯಾನಿನ ಕೆಳಗಿನ ಬೀರುವಿನಿಂದ ಹೊಸ ಕಾರ್ಡು ತೆಗೆದು ಮೊದಲು ಒಂದನ್ನು ಲ್ಯಾಬಿನಲ್ಲೇ ಪರೀಕ್ಷಿಸಿದೆ. ಕಾಗದದ ಗೆರೆ ಬಂತು. ಉಳಿದವನ್ನು ಚೀಲಕ್ಕೆ ಹಾಕಿಕೊಂಡೆ.

ಜೀಪಿನಲ್ಲಿ ಲಲಿತ ಅಳುತ್ತಾ ಕೂತಿದ್ದಳು. "ಅಷ್ಟು ಜೋಪಾನ ಮಾಡಿದ್ದೆ ಮೇಡಂ," ಎಂದಳು. "ಜೋಪಾನ ಜಾಸ್ತಿಯಾಗಿದ್ದೇ ತೊಂದ್ರೆ ಆಗಿದ್ದು ಮಾರಾಯ್ತಿ, ನೀನು ಅಳ್ಬೇಡ," ಎಂದೆ. ಕಿಗ್ಗ ದಾಟಿದ ಮೇಲಿನ ರಸ್ತೆ ಅವತ್ತು ಮುಗಿಯುವ ಹಾಗೆ ಕಾಣಲಿಲ್ಲ.

ಅತ್ತೆ ಗಂಗಮ್ಮ ಜಗಲಿಯಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದರು. ಇಬ್ಬರು ಆಸ್ಪತ್ರೆಯವರು ಒಟ್ಟಿಗೆ ಬಂದಿದ್ದು ನೋಡಿ ಎದ್ದರು. ನಾನು ವಿವರಣೆ ಕೊಡುತ್ತಾ ಕೂರಲಿಲ್ಲ. ಹಿಂದಿನ ಕಾರ್ಡು ಕೆಟ್ಟಿತ್ತು, ಇನ್ನೊಮ್ಮೆ ನೋಡಬೇಕು ಎಂದಷ್ಟೇ ಹೇಳಿದೆ. ಒಳಗಿನಿಂದ ಬಂದ ಸುಶೀಲೆ ಏನೂ ಕೇಳದೆ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಹಿತ್ತಲಿಗೆ ಹೋದಳು.

ಜಗಲಿಯ ಕಟ್ಟೆಯ ಮೇಲೆ ಕಾರ್ಡಿಟ್ಟು ಹನಿ ಬಿಟ್ಟೆ. ಸುಶೀಲೆ ಮೊದಲಿನ ಹಾಗೆಯೇ ನನ್ನ ಪಕ್ಕ ಕೂತಳು, ಈ ಸಲ ಯಾವ ಊರಿನ ಸುದ್ದಿಯೂ ಇಲ್ಲ. ಗುಲಾಬಿ ತೇವ ಕಿಂಡಿಯೊಳಗೆ ಬಂತು. ಮೊದಲ ಗೀಟಿನ ಜಾಗಕ್ಕೆ ಬಂತು, ದಾಟಿತು. ದಾಟಿದ ಮೇಲೆ ಹಿಂದೆ ಒಂದು ನಸುಗೆಂಪು ಉಳಿದಿತ್ತು. ಮುಂದೆ ಕಾಗದದ ಗೆರೆ ಮೂಡಿತು. ನಾನು ಹೊತ್ತು ಪೂರ್ತಿ ಆಗಲಿ ಎಂದು ಗಡಿಯಾರ ನೋಡುತ್ತಾ ಕೂತೆ. ಹೊತ್ತಾದ ಮೇಲೆ ನೋಡಿದರೆ ಎರಡೂ ಗೆರೆ ಕುಂಕುಮ ಎಳೆದಷ್ಟು ಸ್ಪಷ್ಟ. ನನ್ನ ಕನ್ನಡಕ ಮಂಜಾಯಿತು.

"ಎರಡು," ಎಂದೆ.

ಗಂಗಮ್ಮ ಕಾರ್ಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಸೀದಾ ದೇವರ ಕೋಣೆಗೆ ಹೊರಟರು. ಹೊಸಿಲ ಹತ್ತಿರ ಹೋಗಿ ಗಕ್ಕನೆ ನಿಂತರು. "ಥೂ, ಇದು ಎಂತದ್ರಲ್ಲಿ ನೆಂದಿದ್ದು ಅನ್ನೋದೇ ಮರ್ತೋಯ್ತು," ಎಂದು ವಾಪಸು ಬಂದರು. ನಾವೆಲ್ಲ ನಕ್ಕೆವು, ಲಲಿತ ಅಳುತ್ತಲೇ ನಕ್ಕಳು. ಆ ನಗುವಿನ ನಡುವೆಯೇ ಗಂಗಮ್ಮನ ಮುಖ ಬಣ್ಣಗೆಟ್ಟಿತು.

"ಕಷಾಯ," ಎಂದರು. "ನಿನ್ನೆ ಒಂದ್ಲೋಟ ಕೊಟ್ಟೆ. ಬೆಳಿಗ್ಗೆ ಒಂದ್ಲೋಟ ಕೊಟ್ಟೆ. ನನ್ನ ಕೈಯಾರೆ ಕೊಟ್ಟೆನಲ್ಲ." ಅಲ್ಲಿಯೇ ಕುಸಿದು ಕೂತರು.

ಸುಶೀಲೆ ಕಾರ್ಡಿನಿಂದ ಕಣ್ಣು ತೆಗೆಯದೆ, "ನಾನು ಕುಡೀಲಿಲ್ಲ ಅತ್ತೆ," ಎಂದಳು. "ಎರಡು ಸಲಾನೂ ಹಿತ್ಲಲ್ಲಿ ಚೆಲ್ದೆ."

ಯಾಕೆ ಎಂದು ಕೇಳಿದ್ದು ನಾನು.

"ಎರಡು ಗೆರೆ ಬರ್ದೇ ಇರೋದು ನನಗೆ ಗೊತ್ತು ಅಕ್ಕ. ಆದ್ರೆ ಒಂದಾದ್ರೂ ಬರ್ಬೇಕಿತ್ತಲ್ಲ. ನಾನು ಎಷ್ಟ್ ಸಲ ನೋಡಿಲ್ಲ? ನನಗೆ ಯಾವತ್ತೂ ಒಂದು ಬರ್ದೇ ಇರ್ಲಿಲ್ಲ. ಈ ಸಲ ಅದೂ ಇಲ್ಲ ಅಂದ್ಮೇಲೆ, ಕಾಗದ ಏನೂ ಹೇಳ್ಲಿಲ್ಲ ಅಂತ ಅಲ್ವಾ ಅಂದ್ಕೊಂಡೆ."

ಸುಶೀಲೆಗೆ ಮುಂದಿನ ಬೇಸಿಗೆಗೆ ಮುಂಚೆಯೇ ಹೆಣ್ಣು ಮಗು ಹುಟ್ಟಿತು. ನಮ್ಮ ಡಾಕ್ಟರು ವಾರ ವಾರ ಬೈದು ಬೈದು ಅವಳನ್ನು ದಿನ ತುಂಬಿಸಿದರು. ಲಲಿತ ಕಾರ್ಡುಗಳಿಗೆಂದು ಗೋಡೆಯ ಮೇಲೆ ಪ್ರತ್ಯೇಕ ಹಲಗೆ ಹೊಡೆಸಿದಳು. ಇವೆಲ್ಲ ನಿಮಗೆ ಯಾರಾದರೂ ಹೇಳಬಹುದು. ನೀವು ಮುಂದೆ ದಿನಾ ಜನರಿಗೆ ಒಂದು ಗೆರೆ, ಎರಡು ಗೆರೆ ಎಂದು ಹೇಳುತ್ತಾ ಕೂರುವವರು. ಅದಕ್ಕೇ ಆ ಜಗಲಿಯ ಮೇಲೆ ಆಮೇಲೆ ನಡೆದ ಮಾತನ್ನೂ ಬರೆದಿಡುತ್ತೇನೆ.

ಗಂಗಮ್ಮ ಕೂತಲ್ಲಿಂದಲೇ ಸೊಸೆಯ ಕಾಲು ಮುಟ್ಟಿ, "ಅನುಮಾನ ಇತ್ತು ಅಂದ್ರೆ ನನಗೆ ಒಂದ್ ಮಾತು ಹೇಳ್ಬಾರ್ದಿತ್ತನೇ?" ಎಂದರು.

"ಹೇಳಿ, ಆಸೆ ಹುಟ್ಸಿ, ಮತ್ತೆ ಒಂದೇ ಗೆರೆ ಬಂದಿದ್ರೆ ಅತ್ತೆ?"

ಗಂಗಮ್ಮ ಸೊಸೆಯ ಸೆರಗಿಗೆ ಅಂಟಿದ್ದ ಹಲಸಿನ ಬೀಜದ ಸಿಪ್ಪೆಯನ್ನು ತೆಗೆದು ಪಕ್ಕಕ್ಕಿಟ್ಟರು.

"ಬಂದಿದ್ರೆ ಬರ್ತಿತ್ತು," ಎಂದರು. "ನಾನು ಇದ್ನಲ್ಲೇ."